ಹಗೇವಿನ ಹಿಮ

ಅಕ್ಟೋಬರ್ ಹದಿನಾಲ್ಕು. ಬಿಸಿಲು ಹದಿನಾರು ಡಿಗ್ರಿ.
ಟಿರೋಲಿನ ಈ ಕಣಿವೆಯಲ್ಲಿ ಸೇಬು ಇನ್ನೂ ಮರದಲ್ಲೇ ಇದೆ,
ಕಣಜಗಳು ಅದರ ಹುಳುಕಿಗೆ ಮುತ್ತುತ್ತಿವೆ.
ರೇಡಿಯೋದಲ್ಲಿ ಮಾತ್ರ ಚಳಿಗಾಲ ಬಂದಾಗಿದೆ:
"ನಾಳೆ ಬೆಳಿಗ್ಗೆ ಎಂಟೂವರೆಗೆ, ಎಲ್ಲರಿಗಿಂತ ಮೊದಲು"
ಎಂದು ನಮ್ಮ ಧಣಿ ವೆಂಡೆಲಿನ್‌ನ ದನಿ.
ನಡುವೆ ಅವನು ಸೀನಿದ್ದನ್ನೂ ಹಾಗೇ ಬಿಟ್ಟಿದ್ದಾರೆ.

ಪಕ್ಕದ ಕಣಿವೆಯವರು ಶನಿವಾರವೆಂದರು.
ನಾವು ಶುಕ್ರವಾರವೆಂದೆವು.
ಅವರು ಗುರುವಾರ ಎನ್ನಲು ಬಾಯಿ ತೆರೆಯುವಷ್ಟರಲ್ಲಿ
ನಮ್ಮ ಬುಲ್ಡೋಜರು ಗುಡ್ಡ ಹತ್ತಿತ್ತು.

ಹಿಮ ಎಲ್ಲಿಂದ ಬಂತೆಂದು ಕೇಳುತ್ತೀರಿ.
ಮುಗಿಲಿನಿಂದಲ್ಲ.
ಏಪ್ರಿಲಿನಲ್ಲಿ, ಕೊನೆಯ ಪ್ರವಾಸಿ ಕಾರಿನ ಮೇಲೆ
ಸ್ಕೀ ಕಟ್ಟಿಕೊಂಡು ಹೋದ ಮಾರನೆಯ ದಿನ
ಇಳಿಜಾರನ್ನೆಲ್ಲ ಗೋರಿ, ಕಣದಲ್ಲಿ ರಾಶಿ ಮಾಡುವ ಹಾಗೆ
ಬಂಡೆಯ ನೆರಳಿಗೆ ಒಟ್ಟಿದೆವು.
ಮೇಲೆ ಮೊಳದ ದಪ್ಪ ಮರದ ಹೊಟ್ಟು,
ಅದರ ಮೇಲೆ ಬಿಳಿ ತಾಡಪಾಲು.
ಕಾಳನ್ನು ಹಗೇವಿಗಿಳಿಸಿ ಬಾಯಿಗೆ ಮಣ್ಣು ಮೆತ್ತುವಂತೆ
ಒಂದಿಡೀ ಚಳಿಗಾಲವನ್ನು
ಬೇಸಿಗೆಯ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟೆವು.
ಜುಲೈನಲ್ಲಿ ಅದರ ಮೇಲೆ ಕೂತು ಬುತ್ತಿ ಉಂಡಿದ್ದೇನೆ;
ಕುಂಡಿ ತಣ್ಣಗಾಗುತ್ತಿತ್ತು.
ಮೂರರಲ್ಲೊಂದು ಪಾಲು ಸೋರಿಹೋಯಿತು.
ಇಲಿ ತಿಂದಿತು ಎಂದುಕೊಳ್ಳಿ.

ಈಗ ಹಗೇವಿನ ಬಾಯಿ ತೆಗೆದಿದ್ದೇವೆ.
ಹೊಟ್ಟು ಸರಿಸಿದಂತೆ ಏಳುವುದು ರಾಳದ ವಾಸನೆ,
ಅದರಡಿಯಲ್ಲಿ ವಾಸನೆಯೇ ಇಲ್ಲದ್ದೊಂದು, ತಣ್ಣಗೆ.
ಹಳದಿಗಟ್ಟಿದೆ ಹಿಮ, ಮುದುಕರ ಹಲ್ಲಿನಂತೆ;
ಹರಳುಹರಳಾಗಿದೆ, ಕಲ್ಲುಪ್ಪಿನಂತೆ.
ಒಳಗೆ ಹೋದ ಜನವರಿ ಇದ್ದಲ್ಲೇ ಇದೆ:
ಕಿತ್ತಳೆಯ ಸಿಪ್ಪೆ, ಇನ್ನೂ ಕಿತ್ತಳೆ ಬಣ್ಣದ್ದೇ;
ಯಾರದೋ ಟಿಕೆಟು; ಸಿಗರೇಟಿನ ತುಂಡು ಲೆಕ್ಕವಿಲ್ಲದಷ್ಟು;
ಮತ್ತೆ ಒಂದು ಕೆಂಪು ಕೈಗವುಸು, ಎಡಗೈಯದು,
ನನ್ನ ಮೂರು ಬೆರಳಿಗೆ ಭರ್ತಿಯಾಗುವಷ್ಟು.

ಅದನ್ನು ಬಲ್ಲೆ.
ಡಚ್ ಹುಡುಗ, ಐದು ವರ್ಷವಿರಬಹುದು,
ಲಿಫ್ಟಿನ ಕೆಳಗೆ ನಿಂತು ಇಡೀ ಮಧ್ಯಾಹ್ನ ಅತ್ತಿದ್ದ.
ಅವನಪ್ಪನಿಗೆ ನಾನು
"ಹಿಮ ಕರಗಿದ ಮೇಲೆ ಸಿಗುತ್ತದೆ" ಎಂದಿದ್ದೆ.
ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಅದು,
ಕಳೆದ ಉಂಗುರಕ್ಕೆ, ಕಳೆದ ನಾಯಿಗೆ,
ಹಿಮಕುಸಿತದಲ್ಲಿ ಹೋದವರಿಗೂ.
ಹಿಮ ಕರಗಲಿಲ್ಲ.
ಆದರೂ ಸಿಕ್ಕಿತು.

ವೆಂಡೆಲಿನ್ ಕೂಗಿದ: "ನೋಟ್‌ಬುರ್ಗಾ, ಬೇಗ ಕಸ ಆರಿಸು,
ಟೀವಿಯವರು ಬರುತ್ತಾರೆ."
ಕಸ ಆರಿಸಿದೆ. ಕೈಗವುಸನ್ನು ಜೇಬಿಗಿಳಿಸಿದೆ.

ಬೆಳಿಗ್ಗೆ ಗುಡ್ಡ ನೋಡಬೇಕಿತ್ತು ನೀವು:
ಹಸಿರು, ಹಸಿರು, ಕಂದು, ನಡುವೆ ಒಂದೇ ಬಿಳಿ ಪಟ್ಟಿ,
ಯಾರೋ ಒಗೆದ ಪಂಚೆಯನ್ನು ಉದ್ದಕ್ಕೆ ಹಾಸಿ ಹೋದಂತೆ.
ಅದರ ಮೇಲೆ ಇನ್ನೂರು ಜನ, ಅಂಗಿಯ ತೋಳು ಮಡಚಿ,
ಒಬ್ಬರ ಬೆನ್ನಿಗೊಬ್ಬರು ಜಾರಿದ್ದೇ ಜಾರಿದ್ದು.
ಅಂಚು ದಾಟಿದವನು ಸೀದಾ ಹುಲ್ಲಿಗೆ, ಸಗಣಿಗೆ.
ನಕ್ಕೆವು. ಆದರೂ ಹಿಮ ಹಿಮವೇ:
ಹಲಗೆ ತಿರುವುವಾಗ ಅದೇ ಸರಕ್ಕನೆಯ ಸದ್ದು.
ನನ್ನೆದೆಯೂ ಒಂದು ಗಳಿಗೆ ಮೋಸಹೋಗಿ
ಒಲೆಗೆ ಸೌದೆ ಸೀಳಿಲ್ಲವಲ್ಲ ಎಂದು ಗಾಬರಿಬಿತ್ತು.

ಕೈಗವುಸನ್ನು ಟಿಕೆಟ್ ಕಿಟಕಿಯ ಮೊಳೆಗೆ ತೂಗುಹಾಕಿದೆ.
ಮಧ್ಯಾಹ್ನದವರೆಗೆ ತೊಟ್ಟಿಕ್ಕಿತು.
ಯಾರೂ ಕೇಳಲಿಲ್ಲ.
ಕೈ ಬೆಳೆದಿರುತ್ತದೆ, ಬಿಡಿ.

ನಾಲ್ಕಕ್ಕೆ ಲಿಫ್ಟು ನಿಲ್ಲಿಸಿದೆ.
ಪಟ್ಟಿಯ ಕೆಳತುದಿ ಕೆಸರಾಗಿ, ಕೆಸರು ಕಾಲುವೆಯಾಗಿ
ಬೇಲಿಯಡಿ ನುಸುಳಿ ಊರಂಚಿನ ಹುಲ್ಲಿಗೆ ಹರಿದಿತ್ತು.
ಮೇಲಿನ ಮೇವಿನಿಂದ ಇಳಿದು ತಿಂಗಳಾದ
ನನ್ನ ತಂಗಿಯ ಕಂದು ಹಸು ಅಲ್ಲಿ ಕಾಲೂರಿ
ಹೋದ ಜನವರಿಯನ್ನು ಕುಡಿಯುತ್ತಿತ್ತು.
ಒಮ್ಮೆ ತಲೆಯೆತ್ತಿ,
ಹಲ್ಲು ಜುಮ್ಮೆಂದವರ ಹಾಗೆ ಸುಮ್ಮನೆ ನಿಂತು,
ಮತ್ತೆ ಬಗ್ಗಿತು.