ಎರಕ

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ
ಇಪ್ಪತ್ತೆರಡು ವರ್ಷ ಎರಕ ಹೊಯ್ದ ಕೈ ಇದು.
ತಟ್ಟಿದರೆ ಸಾಕು, ಸದ್ದಿನಲ್ಲೇ ಹೇಳುತ್ತಿದ್ದೆ
ಒಳಗೆ ಗಾಳಿಗುಳ್ಳೆ ಇದೆಯೋ ಇಲ್ಲವೋ.

ಈಗ ನನ್ನೆದೆಯಲ್ಲೇ ಒಂದು ಲೋಹ.
ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣದು, ಎಂದರು ಡಾಕ್ಟರು.
ತುಕ್ಕು ಹಿಡಿಯುತ್ತದೆಯೇ ಎಂದೆ.
ನಕ್ಕರು.

ತೊಡೆಸಂದಿಯ ಗಾಯ ಕೀವಾದಾಗ
ನಾಚಿಕೆ; ಹಾಲಮ್ಮನಿಗೂ ತೋರಿಸಲಿಲ್ಲ.
ಒಂಬತ್ತನೇ ದಿನ ಚಳಿ.
ಕುಲುಮೆಯ ಬಾಯಲ್ಲಿ ನಿಂತವನಿಗೆ
ಮೂರು ಕಂಬಳಿ ಸಾಲದ ಚಳಿ.

ಮಾತ್ರೆ ಕೊಡಿ, ಮನೆಗೆ ಹೋಗ್ತೀನಿ ಎಂದರೆ
ಸಿಸ್ಟರ್ ಫ್ಲೇವಿಯಾ ಕೇಳಲಿಲ್ಲ.
ಮೊದಲು ರಕ್ತ, ಆಮೇಲೆ ಮದ್ದು.
ಎರಡೂ ತೋಳಿಂದ ಎಳೆದು, ಬಾಟಲಿಗೆ ತುಂಬಿ
ಕಾವಿಗಿಡಲು ಕಳಿಸಿದರು, ಕೋಳಿಮೊಟ್ಟೆಯ ಹಾಗೆ.
ಮರುದಿನವೇ ಮರಿಯಾಯಿತು.
ಉದ್ದ ಹೆಸರಿನದು,
ದ್ರಾಕ್ಷಿಯಂತೆ ಗೊಂಚಲು ಕಟ್ಟುತ್ತದಂತೆ.

ತೀರಾ ಅಪರೂಪ, ಎಂದರು.
ಇರಬಹುದು. ನಮ್ಮಲ್ಲೂ
ಸಾವಿರ ಪೀಸಿಗೊಂದು ಕೆಡುತ್ತದೆ,
ಒಡೆದು ಮತ್ತೆ ಕರಗಿಸುತ್ತೇವೆ.
ಇದನ್ನು ಸುಲಭಕ್ಕೆ ತೆಗೆಯಲೂ ಬರುವುದಿಲ್ಲ.

ಆರು ವಾರ ನರಕ್ಕೆ ಮದ್ದು.
ರಕ್ತ ತೆಳುವಾಗಿಸುವ ಗುಳಿಗೆ ಒಂದು ದಿನವೂ ತಪ್ಪಕೂಡದು.
ಕಿಟಕಿಯಾಚೆ ತುಂಗೆ ಇದೆ ಎನ್ನುತ್ತಾರೆ;
ನನಗೆ ಕಂಡದ್ದು ನೀರಿನ ಟ್ಯಾಂಕು,
ಅದರ ಮೇಲೊಂದು ಕಾಗೆ.

ಐದನೇ ವಾರ ಜಬೀವುಲ್ಲಾ ಬಂದ,
ಉಗುರಲ್ಲಿ ಅಚ್ಚಿನ ಕಪ್ಪು ಮರಳು.
ಎದೆಗೆ ಕೈಯೊಡ್ಡಿದವನು ತಡೆದು,
ನಲ್ಲಿಗೆ ಹೋಗಿ ಮೊಣಕೈವರೆಗೂ ತೊಳೆದು ಬಂದ.
ಬೆರಳ ಗೆಣ್ಣಿಂದ ಮೆಲ್ಲಗೆ ತಟ್ಟಿ
ಕಿವಿಗೊಟ್ಟ.
ಏನು ಕೇಳಿಸಿತೋ, ಹೇಳಲಿಲ್ಲ.
ಇನ್ನೊಮ್ಮೆ ತಟ್ಟಿದ.