ನೀರು ಬಿಡದ ಬರ್ಫ

ಬೈತಖೋಲ ಬಂದರಿನಲ್ಲಿ ಇಪ್ಪತ್ತೆರಡು ವರ್ಷ
ಬರ್ಫ ಒಡೆದವಳು ನಾನು.
ಪ್ಲಾಂಟಿನಿಂದ ಬಂದ ಉದ್ದನೆ ಕಟ್ಟಿಗೆ
ಕೊಡತಿಯ ಏಟು ಎಲ್ಲಿ ಬೀಳಬೇಕು
ಕಣ್ಣು ಮುಚ್ಚಿ ಹೇಳುತ್ತೇನೆ.
ನಮ್ಮ ಬರ್ಫ ಬಾಯಿಬಡುಕಿ.
ಒಡೆದರೆ ಕೂಗುತ್ತದೆ, ಇಟ್ಟರೆ ಅಳುತ್ತದೆ,
ಬುಟ್ಟಿಯಿಂದ ಬೆನ್ನಿಗೆ, ಬೆನ್ನಿನಿಂದ ಸೀರೆಗೆ,
ಸೀರೆಯಿಂದ ಬಸ್ಸಿನ ಸೀಟಿಗೆ ಇಳಿದು
ಪಕ್ಕ ಕೂತವರು ಎದ್ದು ಹೋಗುವ ತನಕ
ಮೀನಿನ ಸುದ್ದಿ ಹೇಳುತ್ತಲೇ ಇರುತ್ತದೆ.
ಶೆಡ್ಡಿನ ಬೆಕ್ಕು ಬದುಕಿದ್ದೇ
ಆ ತೊಟ್ಟಿಕ್ಕುವ ನೀರು ನೆಕ್ಕಿಕೊಂಡು.

ಇದು ಹಾಗಲ್ಲ.
ಬಂದಿ ಮುಗಿದು ಬೋಟುಗಳು ಮತ್ತೆ ನೀರಿಗಿಳಿದ ವಾರ
ನೀಲಿ ಪೆಟ್ಟಿಗೆಯಲ್ಲಿ ಬಂತು,
ಸೀಮೆಸುಣ್ಣದ ತುಂಡುಗಳ ಹಾಗೆ.
ಮುಚ್ಚಳ ತೆಗೆದರೆ ಹೊಗೆ.
ಒಲೆಯ ಹೊಗೆ ಮಾಡು ಹುಡುಕುತ್ತದೆ,
ಈ ಹೊಗೆ ನೆಲ ಹುಡುಕುತ್ತದೆ,
ಪೆಟ್ಟಿಗೆಯ ಅಂಚು ದಾಟಿ ನಮ್ಮ ಕಾಲ ಬಳಿ
ಸಾಲ ಕೇಳಲು ಬಂದವನ ಹಾಗೆ
ತಲೆ ತಗ್ಗಿಸಿ ನಿಲ್ಲುತ್ತದೆ.

‘ಸೊನ್ನೆಗಿಂತ ಎಪ್ಪತ್ತೆಂಟು ಕೆಳಗೆ’ ಎಂದ ಮ್ಯಾನೇಜರ.
ಸೊನ್ನೆಗಿಂತ ಕೆಳಗೆ ನನಗೆ ಗೊತ್ತಿದ್ದದ್ದು
ಸೊಸೈಟಿಯಲ್ಲಿನ ನನ್ನ ಲೆಕ್ಕ ಒಂದೇ.
‘ಗಾಳಿ ಇದು, ಶೇವಂತಿಬಾಯಿ. ನಾವು ಹೊರಗೆ ಬಿಡುವ ಉಸಿರಿನದೇ ಜಾತಿ,
ಗಟ್ಟಿ ಮಾಡಿ ತಂದದ್ದು. ಬರಿಗೈಯಲ್ಲಿ ಮುಟ್ಟಬೇಡಿ.’
ನಕ್ಕೆವು. ಬಿಟ್ಟ ಉಸಿರಿಗೆ ಯಾರಾದರೂ ಹೆದರುತ್ತಾರೆಯೆ?

ಪಿಯದಾದ ಮುಟ್ಟಿದಳು.
ಎರಡು ಬೆರಳು ಬಿಳಿಚಿ, ಚರ್ಮ ಅಂಟಿ,
ಸಂಜೆಗೆ ಬೊಕ್ಕೆ, ಕುದಿವ ಎಣ್ಣೆ ಹಾರಿದ ಹಾಗೆ.
ಸುಟ್ಟದ್ದಕ್ಕೆ ಬರ್ಫ ಹಿಡಿಯುತ್ತಿದ್ದವರು ನಾವು,
ಬರ್ಫವೇ ಸುಟ್ಟರೆ ಏನು ಹಿಡಿಯಬೇಕು?

ಅವಳ ಮಗ ಇನ್ನೂ ಬುದ್ಧಿವಂತ.
ಒಂದು ಚೂರು, ಒಂದು ಸೋಡಾ ಬಾಟಲಿ, ಬಿಗಿ ಮುಚ್ಚಳ.
ಶೆಡ್ಡಿನ ಹಿಂದೆ ಸದ್ದಾದಾಗ
ಬಂದರಿನ ಕಾಗೆಗಳೆಲ್ಲ ಒಂದೇ ಸಲ ಎದ್ದವು.
ಹುಡುಗನ ಹುಬ್ಬಿಗೆ ನಾಲ್ಕು ಹೊಲಿಗೆ,
ಬೆಕ್ಕು ಮೂರು ದಿನ ನಾಪತ್ತೆ.
ಅವತ್ತಿನಿಂದ ಪೆಟ್ಟಿಗೆಗೆ ಟೇಪು ಸುತ್ತುವಾಗ
ಒಂದು ಮೂಲೆ ಬಿಡುತ್ತೇವೆ.

ಆದರೆ ನಾನು ಹೇಳಹೊರಟದ್ದು ರೋಹಿದಾಸನ ಕತೆ.

ಗೋವೆಯ ವಿಮಾನಕ್ಕೆ ಶೆಟ್ಲಿ, ಹನ್ನೆರಡು ಪೆಟ್ಟಿಗೆ,
ಒಂದೊಂದರಲ್ಲೂ ಮೂರು ಕಿಲೋ ಇದು.
ದೊಡ್ಡ ಗಾಡಿ ಕೆಟ್ಟಿತ್ತು. ಓಮ್ನಿಯ ಸೀಟು ಕಿತ್ತು ತುಂಬಿದೆವು.
ತುಂಬಿದ್ದು ನಾನೇ, ಈ ಕೈಯೇ.
ಮಳೆ ಎಂದು ಗಾಜು ಏರಿಸಿಕೊಂಡು ಹೋದ.

ಕಾಳಿ ಸೇತುವೆಯ ಮೇಲೆ ತಲೆ ಭಾರ.
ಸದಾಶಿವಗಡದಲ್ಲಿ ಆಕಳಿಕೆ, ಮತ್ತೆ ಆಕಳಿಕೆ.
ರಾತ್ರಿ ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡ.
ಕೂತಲ್ಲೇ ಕೂತಿದ್ದ, ಎದೆ ಮಾತ್ರ ಓಡುತ್ತಿತ್ತು.
ಎದುರಿನ ದೀಪಗಳು ಒಂದಕ್ಕೆ ಎರಡಾದವು.
ವಾಸನೆ ಇಲ್ಲ. ಹೊಗೆಯೂ ಕಾಣದು.
ಮೀನು ಕೆಟ್ಟರೆ ಮೂರು ಕೇರಿಗೆ ಹೇಳಿ ಕೆಡುತ್ತದೆ,
ಇದು ಪಕ್ಕದಲ್ಲಿ ಕೂತವನಿಗೂ ಹೇಳುವುದಿಲ್ಲ.

ಮಾಜಾಳಿ ಚೆಕ್‌ಪೋಸ್ಟಿನ ಪೋಲೀಸ,
ನಮ್ಮ ಕೇರಿ ದಿನಾ ಬೆಳಿಗ್ಗೆ ಶಪಿಸುವ ಅವನೇ,
ಲಾಠಿಯಿಂದ ಗಾಜು ಬಡಿದು ‘ಇಳಿಸು’ ಎಂದ.
ಇಳಿಸಿದ.
ಕಾಗದ ಕೇಳಿದರೆ, ಹೆಸರು ಕೇಳಿದರೆ,
ರೋಹಿದಾಸನಿಗೆ ತನ್ನ ಹೆಸರು ಸಿಗಲಿಲ್ಲ.
ಕುಡಿದಿದ್ದಾನೆಂದು ರಸ್ತೆಗೆ ಎಳೆದು
ಬಾಯಿಗೆ ಯಂತ್ರ ಹಿಡಿದು, ‘ಊದು’.
ಮಳೆಯಲ್ಲಿ ನಿಂತು ಊದಿದ, ಕೆಮ್ಮಿದ, ಮತ್ತೆ ಊದಿದ.
ಯಂತ್ರ ಸೊನ್ನೆ ತೋರಿಸಿತಂತೆ.
ಪೋಲೀಸನಿಗೆ ಬೇಸರ.

ಈಗ ಗಾಡಿ ಹೊರಡುವ ಮುಂಚೆ
ಎರಡೂ ಗಾಜಿನ ಮೇಲೆ ಮರದ ತುಂಡು ಸಿಗಿಸುತ್ತೇನೆ,
ಏರಿಸಬೇಕೆಂದರೂ ಏರಬಾರದು.
‘ಒದ್ದೆಯಾಗುತ್ತೇನಲ್ಲ ಮಾರಾಯ್ತಿ’ ಎನ್ನುತ್ತಾನೆ.
ಆಗು.

ಖಾಲಿ ಪೆಟ್ಟಿಗೆ ಮರುದಿನ ವಾಪಸು ಬರುತ್ತದೆ.
ಮೂರು ಕಿಲೋ ಹೋದದ್ದಕ್ಕೆ ತಳದಲ್ಲಿ ಒಂದು ಹನಿ ಗುರುತಿಲ್ಲ.
ಬೆಕ್ಕು ಒಳಗಿಳಿದು ನಾಲ್ಕೂ ಮೂಲೆ ನೆಕ್ಕಿ
ತಲೆಯೆತ್ತಿ ನನ್ನನ್ನು ನೋಡುತ್ತದೆ,
ನಾನೇ ಕದ್ದವಳ ಹಾಗೆ.