ಐದು ಸ್ವರಕ್ಕೆ ಮೂಗಿಲ್ಲ

ಆಲೂಗಡ್ಡೆ ಬೀಜದ ಮಂಡಿಯ ಮೇಲಿನ ಕೋಣೆ.
ಕೆಳಗೆ ಮೂಟೆ ಇಳಿಸುವ ಸದ್ದು, ಹಸಿಮಣ್ಣಿನ ವಾಸನೆ.
ಮೇಲೆ ನನ್ನ ಶ್ರುತಿಪೆಟ್ಟಿಗೆ,
ಚಾಪೆಯ ತುದಿಗೆ ನಂಜಮ್ಮಣ್ಣಿ;
ಹಾಸನದ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ
ಹದಿನಾಲ್ಕು ವರ್ಷದಿಂದ ಊರುಗಳನ್ನು ಕೂಗುವವಳು.

ಆರು ತಿಂಗಳು ಬೈದೆ.
"ನಿನ್ನ ಷಡ್ಜಕ್ಕೆ ನೆಗಡಿ" ಅಂದೆ.
"ಎಲ್ಲದರಲ್ಲೂ ಮೂಗು ತೂರಿಸ್ತೀಯ" ಅಂದೆ.
ಅವಳು ಸೆರಗಲ್ಲಿ ಮುಖ ಒರೆಸಿಕೊಂಡು
ಮತ್ತೆ ಹಾಡಿದಳು, ಮತ್ತಷ್ಟು ಮೂಗಿನಲ್ಲಿ.
ಬೈದರೆ ಗಂಟಲು ಬಿಗಿಯುತ್ತದೆ, ದನಿ ಕಿಂಡಿ ಹುಡುಕುತ್ತದೆ.
ಇಷ್ಟು ತಿಳಿಯಲು ನನಗೂ ಆರು ತಿಂಗಳು.

ಒಂದು ಗುರುವಾರ, ಹಾಲು ಉಕ್ಕುವುದನ್ನು ಕಾಯುತ್ತ ಹೊಳೆಯಿತು:
ಸರಿಗಮಪದನಿ, ಇದರಲ್ಲಿ
ಮೂಗಿನ ಪಾಲು ಎರಡೇ ಅಕ್ಷರ, ಮ ಮತ್ತು ನಿ.
ಮಿಕ್ಕದ್ದೆಲ್ಲ ಬಾಯಿಯ ಸ್ವಂತ ಆಸ್ತಿ.
ಆ ಎರಡನ್ನೂ ಬಿಟ್ಟು ನಡೆಯುವ ಮೋಹನ
ಕಣ್ಣೆದುರೇ ಇತ್ತಲ್ಲ!

"ಮೂಗು ಹಿಡ್ಕೊ" ಅಂದೆ.
"ಪ್ರಾಣಾಯಾಮ ಮಾಡೋ ಹಂಗಾ?"
"ಗಟಾರ ದಾಟೋ ಹಂಗೆ."

ಹಿಡಿದಳು. ಸ ರಿ ಗ... ದನಿ ಮೇಲೆ ಹೋಗಿ
ಮುಚ್ಚಿದ ಕದ ಬಡಿದು, ಗೊಗ್ಗರಾಗಿ ಮರಳಿತು.
"ಬಿಸಿ ಮುದ್ದೆ ಬಾಯಿಗಿಟ್ಟಾಗ
ಕಿರುನಾಲಗೆ ಮೇಲೇಳುತ್ತಲ್ಲ,
ಅಷ್ಟು ಜಾಗ ಬಿಡು."

ಹತ್ತು ಸಲ ಇಲ್ಲ. ಹನ್ನೊಂದಕ್ಕೆ
ಸ ರಿ ಗ ಪ ದ
ಮೂಗು ಬೆರಳ ನಡುವೆ ಸುಮ್ಮನಿತ್ತು,
ದನಿ ಹಲ್ಲಿನ ಹೊಸ್ತಿಲಿಗೆ ಬಂದು ನಿಂತಿತು.
ಕೆಳಗೆ ಹಮಾಲಿ ಚೆಲುವಯ್ಯ
ಹೊತ್ತ ಮೂಟೆ ಹೊತ್ತೇ ನಿಂತ.

"ಈಗ ಹೆಸರು ಹೇಳು, ಬೆರಳು ಬಿಡದೆ."
"ದಜ್ಜಬ್ಬಡ್ಡಿ."
ಇಬ್ಬರೂ ನಕ್ಕೆವು; ನಗು ಇನ್ನಷ್ಟು ತೆರೆಯಿತು ಬಾಯಿ.
ಆಮೇಲೆ ಬೆರಳು ತೆಗೆದು, ಕನ್ನಡಿ ನೋಡುವವಳಂತೆ,
ಮೆಲ್ಲಗೆ ಅಂದುಕೊಂಡಳು: "ನಂಜಮ್ಮಣ್ಣಿ.
ಮೂಗು ಇಲ್ದಿದ್ರೆ ನಾನೇ ಇಲ್ಲ, ಮೇಷ್ಟ್ರೇ."

ನಿನ್ನೆ ಸಕಲೇಶಪುರದ ಬಸ್ಸಿಗೆ ಕಾಯುತ್ತಿದ್ದೆ.
ಮೈಕು ಕೆರೆಯಿತು. ಅದೇ ಹಳೆಯ ದನಿ
ಇಂಜಿನ್ನು, ಕಡಲೆಕಾಯಿ, ಅಳುವ ಕೂಸು
ಎಲ್ಲವನ್ನೂ ಸೀಳಿಕೊಂಡು, ಮೂಗಿನ ನೇರಕ್ಕೇ:
"ಹೊಳೇನರಸೀಪುರಾ... ಅಂಕಣ ನಾಲ್ಕು..."
ಕಿವಿ ಮಂದವಾದ ಅಜ್ಜ ಒಬ್ಬರು
ತಟ್ಟನೆ ಎದ್ದು ಸರಿಯಾದ ಬಸ್ಸಿನತ್ತ ನಡೆದರು.

ತಿದ್ದಲು ಏನಿತ್ತು?
ಬಸ್ಸು ಹತ್ತಿ, ಕಿಟಕಿಯ ಕಡೆ ತಿರುಗಿ,
ಮೂಗು ಹಿಡಿದು
ನನ್ನದೇ ಷಡ್ಜ ಒಮ್ಮೆ ನೋಡಿಕೊಂಡೆ.
ಪಕ್ಕದವರು ಗಟಾರ ಬಂತೆಂದು
ಕೈ ಚಾಚಿ ಗಾಜು ಎಳೆದರು.